ಅಬೇಖಾ, ಅವಿಸ್ಪಾ: ಹೆಸರು ಮತ್ತು ಹಿಂಸೆ

ಸ್ಪ್ಯಾನಿಷ್ ಭಾಷೆಯಲ್ಲಿ ಜೇನುನೊಣವನ್ನು ‘ಅಬೇಖಾ’ ಎಂದೂ ಕಡಜವನ್ನು ‘ಅವಿಸ್ಪಾ’ ಎಂದೂ ಕರೆಯುತ್ತಾರೆ. ಬರವಣಿಗೆಯಲ್ಲಿ ಒಂದಕ್ಕೆ ಬಕಾರ, ಮತ್ತೊಂದಕ್ಕೆ ವಕಾರ. ಆದರೆ ಉಚ್ಚಾರಣೆಯಲ್ಲಿ ಆ ಭಾಷಿಕರಿಗೆ ಬಕಾರ ವಕಾರಗಳ ಭೇದವೇ ಇಲ್ಲ; ಎರಡೂ ತುಟಿಗಳ ನಡುವೆ ಸುಳಿಯುವ ಒಂದೇ ಮೃದುಧ್ವನಿ. ‘ವಸತಿ’ಯನ್ನು ‘ಬಸದಿ’ಯಾಗಿಸಿಕೊಂಡ ಕನ್ನಡಿಗರಿಗೆ ಈ ಸಾಮೀಪ್ಯ ತೀರ ಅಪರಿಚಿತವೇನಲ್ಲ. ಆದರೂ ಹೊಸದಾಗಿ ಆ ಭಾಷೆಯನ್ನು ಕಲಿಯುವವರಿಗೆ ಪದದ ಮೊದಲರ್ಧವನ್ನು ಕೇಳಿದಾಗ ಜೇನೋ ಕಡಜವೋ ಎಂದು ನಿರ್ಣಯಿಸಲು ಸಾಧ್ಯವಾಗದು. ಪದ ಪೂರ್ತಿಯಾಗುವವರೆಗೆ ಕಾಯಬೇಕು. ಕುಟುಕುವ ಹುಳು ಅಷ್ಟು ಹೊತ್ತು ಕಾಯುವುದಿಲ್ಲವೆಂಬುದು ಬೇರೆ ಮಾತು.

ಕಾರ್ಕಳದ ಕಡೆಯ ಜೈನ ಮನೆತನವೊಂದರ ಮಹಿಳೆಯೊಬ್ಬರು ಉದ್ಯೋಗನಿಮಿತ್ತ ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿರುವ ಗಲಿಸಿಯಾ ಪ್ರಾಂತದಲ್ಲಿ ನೆಲೆಸಿದ್ದಾರೆ. ಪಟ್ಟಣದಿಂದ ತುಸು ದೂರದ ಹಳ್ಳಿಯಲ್ಲಿ ವಾಸ. ಮಳೆ, ಹಸುರು, ಕಲ್ಲಿನ ಗೋಡೆಗಳು, ಹಿತ್ತಿಲಿನಲ್ಲಿ ಎಲೆಕೋಸು. ಕರಾವಳಿಯಿಂದ ಹೋದವರಿಗೆ ಮನಸ್ಸು ನೆಲೆಗೊಳ್ಳುವಂತಹ ಸೀಮೆ. ಭಾಷಾತರಗತಿಯ ಮೊದಲ ತಿಂಗಳುಗಳಲ್ಲಿ ಅವರನ್ನು ಕಾಡಿದುದು ಕಡಜವಲ್ಲ, ಕುರಿ. ಕುರಿಗೆ ಆ ಭಾಷೆಯಲ್ಲಿ ‘ಒವೇಖಾ’, ಕಿವಿಗೆ ‘ಒರೇಖಾ’, ಜೇನಿಗೆ ‘ಅಬೇಖಾ’. ತನ್ನ ಕಿವಿಯ ಬಳಿ ಕುರಿಯೊಂದು ಹಾರಾಡುತ್ತಿದೆಯೆಂದು ಅವರು ಹೇಳಿದಾಗ ತರಗತಿಯೆಲ್ಲ ನಕ್ಕಿತಂತೆ. ಈ ಮೂರು ಪದಗಳ ಬಾಲ ಒಂದೇ ಆಗಿರುವುದಕ್ಕೆ ಕಾರಣವುಂಟು. ಲ್ಯಾಟಿನ್ ಭಾಷೆಯಲ್ಲಿ ಜೇನು ‘ಆಪಿಸ್’. ಅದರ ಕಿರಿದಾದ ರೂಪ ‘ಅಪಿಕುಲಾ’, ಅಂದರೆ ಪುಟ್ಟ ಜೇನು. ಪುಟ್ಟ ಕುರಿ ‘ಒವಿಕುಲಾ’, ಪುಟ್ಟ ಕಿವಿ ‘ಔರಿಕುಲಾ’. ಜನರ ಬಾಯಲ್ಲಿ ಸವೆದು ಸವೆದು ಮೂರರ ಬಾಲವೂ ‘ಏಖಾ’ ಆಯಿತು. ಕಡಜದ ಕಥೆ ಬೇರೆ. ಲ್ಯಾಟಿನ್ನಿನ ‘ವೆಸ್ಪಾ’ ಎಂಬುದೇ ಅದರ ಮೂಲ. ಇಟಲಿಯವರು ಅದೇ ರೂಪವನ್ನು ಉಳಿಸಿಕೊಂಡರು. 1946ರಲ್ಲಿ ಅಲ್ಲಿಯ ಪಿಯಾಜಿಯೋ ಸಂಸ್ಥೆ ತನ್ನ ಸ್ಕೂಟರಿಗೆ ಆ ಹೆಸರನ್ನಿಟ್ಟಿತು. ನಮ್ಮ ಊರುಗಳ ರಸ್ತೆಗಳಲ್ಲಿ ವೆಸ್ಪಾ ಸ್ಕೂಟರನ್ನು ಓಡಿಸಿದ ಹಿರಿಯರು ಕಡಜದ ಮೇಲೆ ಕುಳಿತಿದ್ದೇವೆಂದು ಬಹುಶಃ ಎಣಿಸಿರಲಾರರು. ಸ್ಪ್ಯಾನಿಷ್ ನಾಲಗೆ ಮಾತ್ರ ಆ ಪದದ ಮುಂದೆ ಒಂದು ಅಕಾರವನ್ನು ಸೇರಿಸಿತು. ನೆರೆಯಲ್ಲೇ ಇದ್ದ ‘ಅಬೇಖಾ’ದ ಪ್ರಭಾವದಿಂದ ಹಾಗಾಯಿತೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಎಂದರೆ ಈ ಎರಡು ಹೆಸರುಗಳು ಇಷ್ಟು ಹೋಲುವುದು ಕೇವಲ ಆಕಸ್ಮಿಕವಲ್ಲ. ಒಂದನ್ನು ನೆನೆದಾಗ ಇನ್ನೊಂದನ್ನು ನೆನೆದ ಜನರ ಮನಸ್ಸೇ ಅವನ್ನು ಹತ್ತಿರ ತಂದಿತು.

ಇಷ್ಟಕ್ಕೇ ಮುಗಿದಿದ್ದರೆ ಸಾಕಿತ್ತು. ಹಿರಿದಾದುದನ್ನು ಸೂಚಿಸಲು ಆ ಭಾಷೆಯಲ್ಲಿ ಪದದ ಕೊನೆಗೆ ‘ಓನ್’ ಎಂದು ಹಚ್ಚುತ್ತಾರೆ. ನಾವು ‘ಹಿರಿದು’ ಎಂಬುದನ್ನು ಮುಂದಿಟ್ಟು ಹೆಜ್ಜೇನು ಎನ್ನುವಂತೆ ಅವರು ಹಿಂದಿಟ್ಟು ‘ಅವಿಸ್ಪೋನ್’ ಎನ್ನುತ್ತಾರೆ. ಅದು ದೊಡ್ಡ ಕಡಜ. ಆದರೆ ‘ಅಬೇಖೋನ್’ ಎಂದರೆ ಹೆಜ್ಜೇನಲ್ಲ. ನಿಘಂಟಿನ ಪ್ರಕಾರ ಅದು ದುಂಬಿಯೂ ಆದೀತು, ಗಂಡು ಜೇನೂ ಆದೀತು. ಮಧ್ಯ ಅಮೆರಿಕದ ಕೋಸ್ತಾ ರಿಕಾಕ್ಕೆ ಹೋದರೆ ಕುಟುಕುವ ಕೊಂಡಿಯೇ ಇಲ್ಲದ ಜೀರುಂಡೆಯೂ ಆದೀತು. ರೋಮಮಯವಾದ, ಗುಂಡುಗುಂಡಾದ ದುಂಬಿಗೆ ‘ಅಬೇಖೊರ್ರೊ’ ಎಂಬುದು ಬಳಕೆಯ ಹೆಸರು; ಆದರೆ ಅದೇ ಪದಕ್ಕೆ ಎಲೆ ತಿನ್ನುವ ಒಂದು ಬಗೆಯ ಜೀರುಂಡೆಯೆಂಬ ಅರ್ಥವೂ ನಿಘಂಟಿನಲ್ಲಿದೆ. ಮೆಕ್ಸಿಕೋದಲ್ಲಿ ದುಂಬಿಯಂಥವುಗಳಿಗೆ ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಬಂದ ‘ಖಿಕೋತೆ’ ಎಂಬ ಪದವಿದೆ. ಗಲಿಸಿಯಾದ ಹಳ್ಳಿಗರಂತೂ ಮನೆಯಲ್ಲಿ ತಮ್ಮದೇ ಗಲಿಸಿಯನ್ ನುಡಿಯಾಡುವವರು. ಅವರಿಗೆ ಜೇನು ‘ಅಬೆಲ್ಯಾ’, ಕಡಜ ‘ಅವೆಸ್ಪಾ’. ಹೀಗೆ ಒಂದೇ ಹುಳುವಿಗೆ ಹತ್ತು ಹೆಸರು, ಒಂದೇ ಹೆಸರಿಗೆ ನಾಲ್ಕು ಹುಳು.

ನಮ್ಮಲ್ಲಿಯೂ ಈ ಗೊಂದಲ ಇಲ್ಲವೆನ್ನುವಂತಿಲ್ಲ. ಜೇನಿನ ವಿಷಯದಲ್ಲಿ ಕನ್ನಡ ಬಹು ಸಮೃದ್ಧ: ಹೆಜ್ಜೇನು, ತುಡುವೆ, ಕೋಲ್ಜೇನು, ಮುಜಂಟಿ ಎಂದು ಬಗೆಬಗೆಗೆ ಹೆಸರುಂಟು. ಕಡಜದ ವಿಷಯಕ್ಕೆ ಬಂದರೆ ನಮ್ಮ ಔದಾರ್ಯ ಕುಗ್ಗುತ್ತದೆ. ಅನೇಕರಿಗೆ ‘ಕಣಜದ ಹುಳು’ ಎಂಬೊಂದೇ ಮಾತಿನಲ್ಲಿ ಎಲ್ಲವೂ ಅಡಕ. ಸಿಹಿಯನ್ನು ಕೊಡುವುದಕ್ಕೆ ಹೆಸರುಗಳನ್ನು ಹೊಂದಿಸುವ ಮನುಷ್ಯ ಏನನ್ನೂ ಕೊಡದುದನ್ನು ಒಟ್ಟಾಗಿ ಒಂದು ಗೋಣಿಗೆ ತುಂಬುತ್ತಾನೆ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದಲ್ಲಿ ನಾಲ್ಕು ಇಂದ್ರಿಯಗಳುಳ್ಳ ಜೀವಕ್ಕೆ ಭ್ರಮರವನ್ನು ಉದಾಹರಿಸಿರುವುದು ವಾಚಕರಿಗೆ ತಿಳಿದಿದೆ. ಆ ಎಣಿಕೆಯಲ್ಲಿ ಜೇನು, ಕಡಜ, ದುಂಬಿ ಎಲ್ಲವೂ ಒಂದೇ ಪಂಕ್ತಿಯವು. ಸಿಹಿ ಕೊಡುವುದು, ಕೊಡದಿರುವುದು ಅಲ್ಲಿ ಲೆಕ್ಕಕ್ಕಿಲ್ಲ.

ಆದರೆ ಲೋಕವ್ಯವಹಾರದ ಭಾಷೆ ಹಾಗಿಲ್ಲ. ಸ್ಪ್ಯಾನಿಷ್‌ನಲ್ಲಿ ಗಂಡು ಜೇನಿಗಿರುವ ‘ಥಾಂಗಾನೊ’ ಎಂಬ ಹೆಸರನ್ನು ಸೋಮಾರಿಯಾದ ಮನುಷ್ಯನಿಗೂ ಅಂಟಿಸುತ್ತಾರೆ. ಪಾಪ, ಆ ಗಂಡು ಜೇನಿಗೆ ಕೊಂಡಿಯೇ ಇಲ್ಲ. ಕುಟುಕುವವು ಹೆಣ್ಣುಗಳು ಮಾತ್ರ. ಅವಿಸ್ಪಾದಿಂದ ‘ಅವಿಸ್ಪಾದೊ’ ಎಂಬ ವಿಶೇಷಣ ಹುಟ್ಟಿದೆ, ಚುರುಕುಬುದ್ಧಿಯವನೆಂದು ಅರ್ಥ. ಮೆಚ್ಚುಗೆಯ ಪದವೇ, ಆದರೆ ಸ್ವಲ್ಪ ಜಾಗರೂಕತೆಯನ್ನು ಸೂಚಿಸುವ ಮೆಚ್ಚುಗೆ. ಇನ್ನು ಕುಟುಕುವ ಕ್ರಿಯೆಗೆ ‘ಪಿಕಾರ್’ ಎಂಬೊಂದೇ ಧಾತು. ಜೇನು ಕುಟುಕಿದರೂ ಪಿಕಾರ್, ಸೊಳ್ಳೆ ಕಚ್ಚಿದರೂ ಪಿಕಾರ್, ಮೆಣಸಿನಕಾಯಿ ನಾಲಗೆಯನ್ನು ಸುಟ್ಟರೂ ಪಿಕಾರ್, ಮೈ ತುರಿಸಿದರೂ ಅದೇ. ಸಣ್ಣ ‘ಮೋಸ್ಕಾ’, ಅಂದರೆ ಸಣ್ಣ ನೊಣ, ‘ಮೋಸ್ಕಿತೊ’ ಆಗಿ ಜಗತ್ತಿಗೆಲ್ಲ ಸೊಳ್ಳೆಯ ಹೆಸರನ್ನು ಕೊಟ್ಟುದು ಈ ಭಾಷೆಯೇ. ‘ಏನೋ ಹುಳು ಕುಟುಕಿತು’ ಎಂದು ಒಬ್ಬರು ಹೇಳಿದರೆ ಆ ಮಾತಿನಿಂದ ಯಾವ ಹುಳುವೆಂದು ತಿಳಿಯುವ ದಾರಿಯಿಲ್ಲ.

ವೈದ್ಯರಿಗೆ ಇದು ವಿನೋದವಲ್ಲ. ಕುಟುಕಿನ ವಿಷದಿಂದ ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು ಪ್ರಾಣಾಪಾಯಕ್ಕೆ ಈಡಾಗುವ ದೇಹಪ್ರಕೃತಿಯವರಿದ್ದಾರೆ. ಅಂಥವರಿಗೆ ಅದೇ ವಿಷವನ್ನು ಕಿಂಚಿತ್ ಪ್ರಮಾಣದಿಂದ ಆರಂಭಿಸಿ, ಏರಿಸುತ್ತ, ಕೆಲವು ವರ್ಷಗಳ ಕಾಲ ಚುಚ್ಚಿ ದೇಹವನ್ನು ಒಗ್ಗಿಸುವ ಚಿಕಿತ್ಸೆಯುಂಟು. ಆದರೆ ಜೇನಿನ ವಿಷ ಬೇರೆ, ಕಡಜದ ವಿಷ ಬೇರೆ. ಕಡಜಗಳಲ್ಲಿಯೂ ಜಾತಿಗೊಂದು ಭೇದ. ಆದುದರಿಂದ ಸ್ಪೇನಿನ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ‘ಅಬೇಖಾವೋ, ಅವಿಸ್ಪಾವೋ?’ ಎಂಬುದೊಂದು. ರೋಗಿಗೆ ಹೆಸರು ತಿಳಿಯದಿದ್ದರೆ ಗಾಯವನ್ನು ಕೇಳುತ್ತಾರೆ. ಜೇನಿನ ಕೊಂಡಿಗೆ ಗರಗಸದಂತೆ ಮುಳ್ಳುಗಳಿರುವುದರಿಂದ ಅದು ವಿಷದ ಚೀಲದೊಡನೆ ಚರ್ಮದಲ್ಲಿಯೇ ಉಳಿಯುತ್ತದೆ, ಕುಟುಕಿದ ಜೇನು ಸಾಯುತ್ತದೆ. ಕಡಜದ ಕೊಂಡಿ ನುಣುಪು. ಅದು ಮತ್ತೆ ಮತ್ತೆ ಕುಟುಕಿ ಹಾರಿಹೋಗಬಲ್ಲದು. ಹೆಸರನ್ನು ನಾಲಗೆ ತಪ್ಪಿದರೂ ಚರ್ಮದಲ್ಲಿ ಉಳಿದ ಕೊಂಡಿ ಸಾಕ್ಷಿ ಹೇಳುತ್ತದೆ. ಎಲ್ಲ ಸಂದರ್ಭಗಳಲ್ಲಿಯೂ ಅಲ್ಲ, ಬಹುಮಟ್ಟಿಗೆ.

ಈ ಎರಡು ಪದಗಳನ್ನು ಹಡಗಿನಲ್ಲಿ ತುಂಬಿಕೊಂಡು ಸ್ಪೇನಿನವರು ಅಟ್ಲಾಂಟಿಕ್ ಸಾಗರವನ್ನು ದಾಟಿದಾಗ ಮತ್ತೊಂದು ಸಮಸ್ಯೆ ಎದುರಾಯಿತು. ಮೆಕ್ಸಿಕೋದ ಯುಕಾತಾನ್ ಪ್ರದೇಶದ ಮಾಯಾ ಜನರು ಟೊಳ್ಳು ದಿಮ್ಮಿಗಳಲ್ಲಿ ಸಾಕುತ್ತಿದ್ದ ಜೇನಿಗೆ ಕುಟುಕುವ ಕೊಂಡಿಯಿರಲಿಲ್ಲ. ನಮ್ಮ ಮುಜಂಟಿಯ ದೂರದ ದಾಯಾದಿ ಅದು. ಮಾಯಾ ಭಾಷೆಯಲ್ಲಿ ‘ಶುನಾನ್ ಕಾಬ್’. ಅದನ್ನೂ ‘ಅಬೇಖಾ’ ಎಂದೇ ಕರೆದರು. 16ನೆಯ ಶತಮಾನದ ಪಾದ್ರಿ ದಿಯೇಗೊ ದೆ ಲಾಂದಾ ಯುಕಾತಾನಿನ ಬಗೆಗೆ ಬರೆದ ಗ್ರಂಥದಲ್ಲಿ, ಇಲ್ಲಿಯ ಜೇನುಗಳು ಕುಟುಕುವುದಿಲ್ಲವೆಂಬುದನ್ನು ಗಮನಿಸಿ ದಾಖಲಿಸಿದ್ದಾನೆ. ಒಂದು ಸಣ್ಣ ಹುಳುವಿನ ನಿರುಪದ್ರವಿತನವನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಇದೇ ವ್ಯಕ್ತಿ 1562ರಲ್ಲಿ ಮಾನೀ ಎಂಬ ಊರಿನಲ್ಲಿ ಮಾಯಾ ಜನರ ಗ್ರಂಥಗಳನ್ನು ರಾಶಿ ಹಾಕಿಸಿ ಸುಡಿಸಿದನು. ಕಣ್ಣಿನ ಸೂಕ್ಷ್ಮತೆ ಹೃದಯಕ್ಕೆ ಇಳಿಯಲೇಬೇಕೆಂಬ ನಿಯಮವೇನೂ ಇಲ್ಲವೆನ್ನಲು ಬೇರೆ ನಿದರ್ಶನ ಬೇಕಾಗಿಲ್ಲ.

ಹೆಸರು ಕೊಲ್ಲಬಲ್ಲದು ಎಂಬುದಕ್ಕೂ ಅದೇ ಖಂಡದಲ್ಲಿ ನಿದರ್ಶನವಿದೆ. 1956ರಲ್ಲಿ ವಾರ್ವಿಕ್ ಕೆರ್ ಎಂಬ ವಿಜ್ಞಾನಿ ಆಫ್ರಿಕಾದ ರಾಣಿಜೇನುಗಳನ್ನು ಬ್ರೆಜಿಲ್ ದೇಶಕ್ಕೆ ತಂದರು. ಮರುವರ್ಷ ಕೆಲವು ಹಿಂಡುಗಳು ತಪ್ಪಿಸಿಕೊಂಡು ಅಲ್ಲಿದ್ದ ಯುರೋಪಿನ ಜೇನುಗಳೊಡನೆ ಬೆರೆತು ಉತ್ತರಕ್ಕೆ ಹರಡಿದವು. 1986ರಲ್ಲಿ ಮೆಕ್ಸಿಕೋ ತಲುಪಿದವು. ಪತ್ರಿಕೆಗಳು ಅವಕ್ಕೆ ‘ಕೊಲೆಗಡುಕ ಜೇನು’ ಎಂದು ಹೆಸರಿಟ್ಟವು. ಅವು ಬೇಗ ಕೆರಳುತ್ತವೆ, ಹಿಂಡುಹಿಂಡಾಗಿ ಎರಗುತ್ತವೆ ಎಂಬುದು ನಿಜ. ಆದರೆ ಕೆಣಕದವರನ್ನು ಹುಡುಕಿಕೊಂಡು ಹೋಗುವ ಸಂಕಲ್ಪ ಯಾವ ಹುಳುವಿಗೂ ಇಲ್ಲ. ಕೊಲೆಗಡುಕನೆಂದು ಕರೆದ ಮೇಲೆ ಬೆಂಕಿಯಿಡಲು ಮನಸ್ಸು ಅಳುಕುವುದಿಲ್ಲ. ಯುಕಾತಾನಿನ ಜೇನುಸಾಕಣೆಗಾರರು ಮಾತ್ರ ಅವುಗಳ ಸ್ವಭಾವವನ್ನು ಅರಿತು, ಗೂಡುಗಳನ್ನು ಮನೆಗಳಿಂದ ದೂರವಿರಿಸಿ, ಅವುಗಳೊಡನೆಯೇ ಬಾಳಲು ಕಲಿತರು.

ಗಲಿಸಿಯಾದಲ್ಲಿ ನೆಲೆಸಿದ ಆ ಮಹಿಳೆಯ ಪಾಲಿಗೆ ಈ ಹೆಸರುಗಳ ಪ್ರಶ್ನೆ ತರಗತಿಯ ವಿನೋದವಾಗಿ ಬಹುಕಾಲ ಉಳಿಯಲಿಲ್ಲ. ಅವರು ಅಲ್ಲಿಗೆ ಹೋಗುವ ಮೊದಲೇ ಆ ಸೀಮೆಗೆ ಮತ್ತೊಬ್ಬ ಪರದೇಶಿ ಬಂದು ನೆಲೆಸಿದ್ದಿತು. ವೆಸ್ಪಾ ವೆಲುತಿನಾ ಎಂಬ ಶಾಸ್ತ್ರೀಯ ನಾಮದ ದೊಡ್ಡ ಕಡಜವದು. ಚೀನಾದಿಂದ ಬಂದ ಸರಕಿನೊಡನೆ ಫ್ರಾನ್ಸ್ ದೇಶವನ್ನು ಹೊಕ್ಕಿತೆಂದು ಹೇಳುತ್ತಾರೆ. 2004ರಲ್ಲಿ ಅಲ್ಲಿ ಅದು ಕಂಡುಬಂದಿತು, 2010ರಲ್ಲಿ ಸ್ಪೇನಿನಲ್ಲಿ, ಮುಂದೆರಡು ವರ್ಷಗಳಲ್ಲಿ ಗಲಿಸಿಯಾದಲ್ಲಿ. ಜೇನುಗೂಡಿನ ಬಾಗಿಲೆದುರು ಗಾಳಿಯಲ್ಲಿ ನಿಂತಲ್ಲಿಯೇ ನಿಂತು, ಮೇವು ಹೊತ್ತು ಮರಳುವ ಜೇನುಗಳನ್ನು ಹಿಡಿದು, ತಲೆ ಹೊಟ್ಟೆಗಳನ್ನು ಕತ್ತರಿಸಿ, ಎದೆಯ ಭಾಗವನ್ನು ಮರಿಗಳಿಗೆ ಒಯ್ಯುತ್ತದೆ. ನಮ್ಮ ತುಡುವೆ ಜೇನು ಇಂಥ ಕಡಜವನ್ನು ನೂರಾರು ಸಂಖ್ಯೆಯಲ್ಲಿ ಮುತ್ತಿ, ಉಂಡೆಗಟ್ಟಿ, ಮೈಯ ಕಾವಿನಿಂದಲೇ ಬೇಯಿಸಿ ಕೊಲ್ಲುವ ವಿದ್ಯೆಯನ್ನು ಬಲ್ಲದು. ಯುರೋಪಿನ ಜೇನಿಗೆ ಆ ಪಾಠ ಸರಿಯಾಗಿ ಬಾರದು. ಜೇನುಸಾಕಣೆಗಾರರ ನಷ್ಟದೊಡನೆ ಕುಟುಕಿನಿಂದ ಮನುಷ್ಯರ ಸಾವುಗಳೂ ಸಂಭವಿಸಿವೆ; ಸರಕಾರ ಅದನ್ನು ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಸೇರಿಸಿದೆ. ಗೂಡು ಕಂಡರೆ ತಿಳಿಸಬೇಕು, ತಿಳಿಸಿದರೆ ನಾಶಪಡಿಸುತ್ತಾರೆ.

ಗಾತ್ರದಿಂದ ಅದು ಅವಿಸ್ಪೋನ್ ಆಗಬೇಕಾಗಿತ್ತು. ಜನರು ಕರೆದುದು ಮಾತ್ರ ‘ಅವಿಸ್ಪಾ ಆಸಿಯಾತಿಕಾ’, ಏಷ್ಯಾದ ಕಡಜ. ಬರಬರುತ್ತ ಅವಿಸ್ಪಾ ಎಂಬುದೂ ಬಿದ್ದುಹೋಗಿ ಬರಿಯ ‘ಆಸಿಯಾತಿಕಾ’ ಉಳಿಯಿತು. ಅಂಗಡಿಯಲ್ಲಿ ಸರದಿಗಾಗಿ ನಿಂತಾಗ ಹಿಂದಿನಿಂದ ‘ಈ ವರ್ಷ ಏಷ್ಯಾದವಳ ಕಾಟ ಹೆಚ್ಚು’ ಎಂಬ ಮಾತು ಕಿವಿಗೆ ಬಿದ್ದು ಆಕೆ ತಿರುಗಿ ನೋಡಿದ್ದುಂಟು. ಆಡಿದವರಿಗೆ ಆಮೇಲೆ ನಾಚಿಕೆಯಾಯಿತಂತೆ. ಆ ಕಡಜದ ಮೂಲನೆಲೆ ಚೀನಾದಿಂದ ಉತ್ತರಭಾರತದ ಬೆಟ್ಟಗಳವರೆಗೆ ಹಬ್ಬಿದೆಯಾದುದರಿಂದ, ಒಂದರ್ಥದಲ್ಲಿ ಮಾತು ಸುಳ್ಳೂ ಅಲ್ಲ.

ಒಂದು ಜೂನ್ ತಿಂಗಳಲ್ಲಿ ನೆರೆಮನೆಯ ವೃದ್ಧೆ ಕೈಯಲ್ಲಿ ಪೆಟ್ರೋಲಿನ ಡಬ್ಬಿ ಹಿಡಿದು ಹಿತ್ತಿಲಿನ ಕಲ್ಲುಗೋಡೆಯ ಬುಡದಲ್ಲಿ ನಿಂತಿದ್ದರು. ಗೋಡೆಯಡಿಯ ಇಲಿಬಿಲದೊಳಗೆ ಹುಳುಗಳು ಹೋಗಿ ಬರುತ್ತಿದ್ದವು. ‘ಅವಿಸ್ಪಾಗಳು’ ಎಂದರು ವೃದ್ಧೆ. ಮಹಿಳೆ ಬಗ್ಗಿ ನೋಡಿದರು. ಮೈತುಂಬ ರೋಮ, ಕಪ್ಪು ಹಳದಿ ಪಟ್ಟೆ, ಬಿಳಿಯ ಬಾಲ, ಗುಂಯ್‌ಗುಡುವ ಮಂದ್ರಸ್ವರ. ‘ಅಲ್ಲ ಸೆನ್ಯೋರಾ, ಇವು ಅಬೇಖೊರ್ರೊಗಳು’ ಎಂದರು. ‘ಎಲ್ಲವೂ ಕುಟುಕುವಂಥವೇ, ಮಗಳೇ’ ಎಂದು ವೃದ್ಧೆಯ ಉತ್ತರ. ಆ ಮಾತಿನಲ್ಲಿ ತಪ್ಪಿರಲಿಲ್ಲ, ದುಂಬಿಯೂ ಕುಟುಕಬಲ್ಲದು. ಆದರೆ ತುಳಿಯದೆ, ಹಿಸುಕದೆ ಅದು ಕುಟುಕುವುದು ವಿರಳ. ಗೂಡು ಒಂದೇ ಬೇಸಗೆಯದು. ಶರತ್ಕಾಲದ ಹೊತ್ತಿಗೆ ಹೊಸ ರಾಣಿಗಳನ್ನುಳಿದು ಎಲ್ಲವೂ ತಾವಾಗಿಯೇ ತೀರಿಹೋಗುತ್ತವೆ. ಇದನ್ನೆಲ್ಲ ತಡವರಿಸುವ ಸ್ಪ್ಯಾನಿಷ್‌ನಲ್ಲಿ ವಿವರಿಸಲು ಅರ್ಧ ಗಂಟೆ ಹಿಡಿಯಿತು. ಡಬ್ಬಿ ಕೊಟ್ಟಿಗೆಗೆ ಮರಳಿತು. ಅಕ್ಟೋಬರಿನಲ್ಲಿ ಬಿಲ ಬರಿದಾಯಿತು.

ಆ ಹಳ್ಳಿಯ ಅನೇಕ ಹಿತ್ತಿಲುಗಳಲ್ಲಿ ವಸಂತದ ಆರಂಭಕ್ಕೆ ಸೀಸೆಗಳು ತೂಗುತ್ತವೆ. ಪ್ಲಾಸ್ಟಿಕ್ ಸೀಸೆಯ ಕತ್ತನ್ನು ಕತ್ತರಿಸಿ ತಲೆಕೆಳಗಾಗಿ ಸಿಕ್ಕಿಸಿ, ಒಳಗೆ ಬಿಯರು ಸಕ್ಕರೆಗಳ ದ್ರವವನ್ನಿಡುತ್ತಾರೆ; ಏಷ್ಯಾದ ಕಡಜದ ರಾಣಿ ಬಂದು ಮುಳುಗಲೆಂಬ ಆಶಯ. ಮುಳುಗುವವು ಹೆಚ್ಚಾಗಿ ನೊಣಗಳು, ಪತಂಗಗಳು, ಊರಿನ ಸಾಧು ಕಡಜಗಳು. ಸೀಸೆಗೆ ಹೆಸರುಗಳು ತಿಳಿಯವು. ಕೊಲ್ಲುವ ಉದ್ದೇಶದ ಬಗೆಗೆ ಎಷ್ಟೇ ವಾದವಿರಲಿ, ಗುರುತಿಸದೆಯೇ ಕೊಲ್ಲುವ ಈ ಉಪಾಯವನ್ನು ಸಮರ್ಥಿಸುವುದು ಕಷ್ಟ. ಅದನ್ನು ವಿರೋಧಿಸುವ ಕೀಟಶಾಸ್ತ್ರಜ್ಞರು ಸ್ಪೇನಿನಲ್ಲಿಯೇ ಇದ್ದಾರೆ. ಅವರ ಆಕ್ಷೇಪಕ್ಕೆ ಯಾವ ಧರ್ಮದ ಆಧಾರವೂ ಬೇಕಾಗಲಿಲ್ಲ.

ಮರುವರ್ಷದ ಸೆಪ್ಟೆಂಬರಿನಲ್ಲಿ ನಿಜವಾದ ಸಂಕಟ ಒದಗಿತು. ವೃದ್ಧೆಯ ಅಳಿಯನಿಗೆ ಇಳಿಜಾರಿನಲ್ಲಿ ಹತ್ತು ಜೇನುಪೆಟ್ಟಿಗೆಗಳಿದ್ದವು. ದಿನದಿನಕ್ಕೂ ಜೇನು ಕ್ಷೀಣಿಸುತ್ತಿತ್ತು. ಸಮೀಪದಲ್ಲಿ ಎರಡು ಗೂಡುಗಳು ಅವನ ಕಣ್ಣಿಗೆ ಬಿದ್ದಿದ್ದವು. ಒಂದು, ಹಳೆಯ ಚೆಸ್ಟ್‌ನಟ್ ಮರದ ಪೊಟರೆಯಲ್ಲಿ. ಇನ್ನೊಂದು, ನೀಲಗಿರಿ ಮರದ ತುದಿಯಲ್ಲಿ. ಎರಡನ್ನೂ ಆತ ಒಂದೇ ಹೆಸರಿನಿಂದ ಬೈಯುತ್ತಿದ್ದ, ಎರಡನ್ನೂ ಮುಗಿಸುವ ಸಿದ್ಧತೆಯಲ್ಲಿದ್ದ. ದುಂಬಿಯ ಪ್ರಸಂಗದ ನಂತರ ಹೆಸರು ಬಲ್ಲವರೆಂಬ ಕೀರ್ತಿ ಆಕೆಗೆ ಬಂದಿದ್ದುದರಿಂದ ವೃದ್ಧೆ ಕರೆಸಿದರು.

ಪೊಟರೆಯಲ್ಲಿದ್ದುದು ಆ ನೆಲದ ಅವಿಸ್ಪೋನ್. ಗಾತ್ರ ದೊಡ್ಡದು, ಎದೆ ಕೆಂಗಂದು, ಹೊಟ್ಟೆಯೆಲ್ಲ ಹಳದಿಯ ಮೇಲೆ ಕಪ್ಪು ಗೆರೆ. ನೋಡಲು ಭಯಂಕರ, ಆದರೆ ಸಹಸ್ರಾರು ವರ್ಷಗಳಿಂದ ಅಲ್ಲಿಯ ಜೇನಿನೊಡನೆ ಬಾಳಿಬಂದುದು. ನೀಲಗಿರಿಯ ಮೇಲಣ ಗೂಡನ್ನು ಕ್ಯಾಮರಾದ ಕಣ್ಣಿನಿಂದ ಹತ್ತಿರಕ್ಕೆಳೆದು ನೋಡಿದರು. ಗುಂಡನೆಯ ಕಾಗದದ ಗೂಡು, ಪಕ್ಕದಲ್ಲಿ ಸಣ್ಣ ಬಾಗಿಲು, ಕಪ್ಪು ಮೈ, ಹೊಟ್ಟೆಯ ಕೆಳಗೆ ಒಂದೇ ಕಿತ್ತಳೆಯ ಪಟ್ಟಿ, ಕಾಲಿನ ತುದಿಗಳು ಹಳದಿ. ಸಂದೇಹಕ್ಕೆ ಎಡೆಯಿರಲಿಲ್ಲ. ಆಕೆ ಬಹಳ ಹೊತ್ತು ಮಾತನಾಡಲಿಲ್ಲವಂತೆ. ಆಮೇಲೆ ಪೊಟರೆಯ ಕಡೆ ತೋರಿಸಿ, ‘ಇದು ಅವಿಸ್ಪೋನ್, ಬಿಟ್ಟುಬಿಡಿ’ ಎಂದರು. ಮತ್ತೊಂದರ ಹೆಸರನ್ನೂ ಹೇಳಿದರು.

ಎರಡು ದಿನಗಳ ನಂತರ ಮುಸ್ಸಂಜೆಯಲ್ಲಿ ಬಿಳಿಯ ಕವಚ ತೊಟ್ಟ ಇಬ್ಬರು ಬಂದು ಉದ್ದನೆಯ ಕೋಲಿನಿಂದ ಗೂಡಿನೊಳಗೆ ವಿಷವನ್ನು ಹೊಗಿಸಿದರು. ಅಳಿಯನು ಕೃತಜ್ಞತೆಯಿಂದ ಒಂದು ಜಾಡಿ ಜೇನುತುಪ್ಪವನ್ನು ತಂದುಕೊಟ್ಟ. ಅದನ್ನು ತಾವು ತಿನ್ನುವುದಿಲ್ಲವೆಂದು ಆ ಗಳಿಗೆಯಲ್ಲಿ ವಿವರಿಸಲು ಆಕೆಗೆ ಮನಸ್ಸಾಗಲಿಲ್ಲ. ಜಾಡಿ ಮುಚ್ಚಳ ತೆರೆಯದೆ ಕಪಾಟಿನಲ್ಲಿ ಉಳಿಯಿತು.

ಆ ರಾತ್ರಿ ದೂರವಾಣಿಯಲ್ಲಿ ತಾಯಿಗೆ ಎಲ್ಲವನ್ನೂ ತಿಳಿಸಿದರು. ಕಾರ್ಕಳದ ಆ ವೃದ್ಧ ತಾಯಿ ನಿತ್ಯ ಸ್ವಾಧ್ಯಾಯದವರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ನೆನಪಿಸಿ, ಪರರಿಗೆ ಆಪತ್ತು ತರುವ ಸತ್ಯವನ್ನೂ ಶ್ರಾವಕರು ನುಡಿಯಬಾರದೆಂದು ಅಲ್ಲಿ ಹೇಳಿರುವುದನ್ನು ಕೇಳಿದರು. ‘ಸುಮ್ಮನೆ ಇರಬಹುದಿತ್ತಲ್ಲ, ಮಗಾ?’

‘ಸುಮ್ಮನಿದ್ದರೆ ಎರಡನ್ನೂ ಸುಡುತ್ತಿದ್ದರು ಅಮ್ಮ.’

‘ಹಾಗಾದರೆ ಪೊಟರೆಯದರ ಹೆಸರು ಹೇಳಿ, ಇನ್ನೊಂದು ಗೊತ್ತಿಲ್ಲ ಎಂದಿದ್ದರೆ?’

‘ಗೊತ್ತಿತ್ತಲ್ಲ.’

ತಾಯಿ ಕೊಂಚ ಹೊತ್ತು ಸುಮ್ಮನಿದ್ದು, ಆ ಪೆಟ್ಟಿಗೆಗಳಲ್ಲಿ ಜೇನೆಷ್ಟು ಉಳಿದಿದೆಯೆಂದು ವಿಚಾರಿಸಿದರು. ಉತ್ತರ ಕೇಳಿದ ಮೇಲೂ ಅವರು ಮಗಳ ನಡೆಯನ್ನು ಒಪ್ಪಿದೆನೆಂದು ಹೇಳಲಿಲ್ಲ. ತಪ್ಪೆಂದೂ ಹೇಳಲಿಲ್ಲ. ಒಂದು ದಿನದ ಉಪವಾಸವನ್ನು ತಾವೂ ಮಾಡುವುದಾಗಿ, ಮಗಳೂ ಮಾಡಲೆಂದು ತಿಳಿಸಿ ಫೋನನ್ನಿಟ್ಟರು.

ಪೊಟರೆಯ ಅವಿಸ್ಪೋನ್‌ಗಳು ನವೆಂಬರಿನವರೆಗೆ ಇದ್ದವು. ನೀಲಗಿರಿಯ ತುದಿಯಲ್ಲಿ ಬರಿದಾದ ಗೂಡು ಮಳೆಗೆ ನೆನೆದು, ಪದರಪದರವಾಗಿ ಹರಿದು, ಫೆಬ್ರವರಿಯ ಗಾಳಿಗೆ ಕೆಳಗೆ ಬಿದ್ದಿತು. ಈಗ ಪಕ್ಕದ ಹಳ್ಳಿಯವರೂ ಆಕೆಯನ್ನು ಕರೆಯುತ್ತಾರೆ. ಮನೆಯಿಂದ ಹೊರಡುವ ಮೊದಲು ಆಕೆ ಫೋನಿನಲ್ಲಿಯೇ ಕೇಳುವ ಪ್ರಶ್ನೆ ಒಂದು: ಕಾಲಿನ ತುದಿಯ ಬಣ್ಣ ಯಾವುದು?